ಮಾಸ್ತಪ್ಪನ ದನಿ

ಸಾಗರದ ಪೇಟೆಯಲ್ಲಿ ಕಾಂತರಾಜನ ಅಂಗಡಿಗೆ ಲ್ಯಾಪ್‌ಟಾಪ್ ಕೊಟ್ಟರೆ ಅದು ರಿಪೇರಿಯಾಗಿ ಬರುತ್ತದೋ ಬಿಡುತ್ತದೋ, ಕುಂಕುಮ ಇಟ್ಟುಕೊಂಡಂತೂ ಬರುತ್ತದೆ ಅಂತ ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಹೊಸ ಬಸ್ಸಿನ ಚಕ್ರಕ್ಕೆ ನಿಂಬೆಹಣ್ಣು ಇಡುವ ಜನ, ಪಂಪ್‌ಸೆಟ್ಟಿಗೆ ಊದುಬತ್ತಿ ಹಚ್ಚುವ ಜನ, ಲ್ಯಾಪ್‌ಟಾಪಿಗೆ ಒಂದು ಬೊಟ್ಟು ಕುಂಕುಮ ಇಟ್ಟರೆ ಯಾರಪ್ಪನ ಗಂಟು ಹೋಗುತ್ತದೆ? ಕುಂಕುಮದ ಜೊತೆಗೆ ಕಾಂತರಾಜ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ತನ್ನ ಕೈಯಿಂದ ಹೊರಟ ಯಂತ್ರಕ್ಕೆಲ್ಲ ಪಕ್ಕದಲ್ಲಿ ಅಂಗಿ ಗುಂಡಿಯಷ್ಟು ಚಿಕ್ಕ ಪೆನ್‌ಡ್ರೈವ್ ಒಂದನ್ನು ಪುಕ್ಕಟೆಯಾಗಿ ಚುಚ್ಚಿ ಕೊಡುತ್ತಿದ್ದ. ಅದರಲ್ಲಿ ಇದ್ದದ್ದು ಅವನ ಅಪ್ಪ ಮಾಸ್ತಪ್ಪ ಹಾಡಿದ ಭಜನೆಗಳು.

ಮಾಸ್ತಪ್ಪನೆಂದರೆ ಹೊಸನಗರದ ಕಡೆಯವರಿಗೆಲ್ಲ ಗೊತ್ತು. ಗದ್ದೆಯಲ್ಲಿ ಎತ್ತಿಗೆ ಬೈಯುವಾಗಲೂ ಶ್ರುತಿ ತಪ್ಪದ ಗಂಟಲು. ಬಾಗಿಲು ತೆಗೆದ ಕೂಡಲೇ ಮೊದಲು ದೇವರ ಹಾಡು, ಆಮೇಲೆ ಉಳಿದ ಮಾತು ಅನ್ನುವ ಊರುಗಳು ಇವು. ಹಾಗಾಗಿ ಸೊಸೈಟಿಯಿಂದ ಹಿಡಿದು ಕ್ಲಿನಿಕ್ಕಿನವರೆಗೆ ಎಲ್ಲರೂ ಆ ಪೆನ್‌ಡ್ರೈವನ್ನು ಚುಚ್ಚಿದ ಜಾಗದಲ್ಲೇ ಬಿಟ್ಟುಕೊಂಡಿದ್ದರು. ಅದಕ್ಕೆ ‘ದೇವರದ್ದು’ ಅಂತ ಹೆಸರೂ ಬಿದ್ದಿತ್ತು. ದೇವರದ್ದನ್ನು ಯಾರು ಕೀಳುತ್ತಾರೆ?

ಹೀಗಿರುವಾಗ ಬಂತು ನೋಡಿ ಫರ್ಮ್‌ವೇರ್ ಅಪ್‌ಡೇಟ್. ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಎಲ್ಲಕ್ಕಿಂತ ಮೊದಲು ಎದ್ದು, ಯಾವುದನ್ನು ಎಬ್ಬಿಸಬೇಕು, ಎಲ್ಲಿ ಹುಡುಕಬೇಕು ಅಂತ ನೋಡುವ ಒಂದು ಬುದ್ಧಿ ಯಂತ್ರದೊಳಗೇ ಇರುತ್ತದೆ. ಆ ಬುದ್ಧಿಗೆ ಕಂಪನಿಯವರು ತಿದ್ದುಪಡಿ ಕಳಿಸಿದ್ದರು. ಕಾಂತರಾಜ ತನ್ನ ಗಿರಾಕಿಗಳ ಯಂತ್ರಕ್ಕೆಲ್ಲ ಊರೂರು ಸುತ್ತಿ ಅದನ್ನು ಹಾಕಿ ಬಂದ. ಅಂದಿನಿಂದ ಶುರುವಾಯಿತು ಗೋಳು. ಗುಂಡಿ ಒತ್ತಿದರೆ ಪರದೆ ಕಪ್ಪಗೇ ಕೂತಿರುತ್ತದೆ, ಕಾಫಿ ಕಾಸಿ ಕುಡಿದು ಲೋಟ ತೊಳೆದು ಬಂದರೂ ಏಳುವುದಿಲ್ಲ ಅಂತ ತೀರ್ಥಹಳ್ಳಿಯಿಂದ ಹೆರಿಗೆ ಆಸ್ಪತ್ರೆಯ ವಿಶಾಲಮ್ಮ ಫೋನ್ ಮಾಡಿದರು. ಹೊಸನಗರದ ಕ್ಲಿನಿಕ್ಕಿನ ನರ್ಸ್ ಸ್ವಪ್ನಾ ಎರಡು ಸಲ ಮಾಡಿದಳು.

ಕಾಂತರಾಜ ನಕ್ಕುಬಿಟ್ಟಿದ್ದ. "ಹೊಸ ಸೊಸೆ ಇದ್ದ ಹಾಗೆ ಮಾರಾಯ್ತಿ. ಒಲೆ ಎಲ್ಲಿ, ನೀರು ಎಲ್ಲಿ ಅಂತ ಗೊತ್ತಾಗೋಕೆ ನಾಲ್ಕು ದಿನ ಬೇಕು. ಒಗ್ಗಿಕೊಳ್ತದೆ ಬಿಡು."

ಒಗ್ಗಿಕೊಂಡವರು ಜನ, ಯಂತ್ರವಲ್ಲ. ತಡವಾಗುತ್ತದಲ್ಲ, ಆರಿಸುವುದೇ ಬೇಡ ಅಂತ ಕ್ಲಿನಿಕ್ಕಿನವರು ಲ್ಯಾಪ್‌ಟಾಪನ್ನು ಹಗಲೂ ರಾತ್ರಿ ಉರಿಸಿಟ್ಟುಕೊಂಡರು. ನಮ್ಮವರ ರಿಪೇರಿಯೇ ಇಷ್ಟು, ಕುಂಟು ಮಂಚಕ್ಕೆ ಇಟ್ಟಿಗೆ ಕೊಟ್ಟು ಮಲಗುವುದು.

ಆ ಮಂಗಳವಾರ ಹೊಸನಗರದಲ್ಲಿ ಲೈನ್ ಕೆಲಸ ಅಂತ ಬೆಳಿಗ್ಗೆಯೇ ಕರೆಂಟು ತೆಗೆದರು. ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದು ಅದು ಆರಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಬಂತು. ಅದರ ಹಿಂದೆಯೇ ಕ್ಲಿನಿಕ್ಕಿನ ಮುಂದೆ ಒಂದು ಆಟೋ ಬಂದು ನಿಂತಿತು.

ಸಾಗರದಲ್ಲಿ ಕಾಂತರಾಜ ಯಾರದೋ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದ. ಫೋನ್ ಹೊಡೆದುಕೊಂಡಿತು. ಸ್ವಪ್ನಾ ಅನ್ನುವ ಹೆಸರು ನೋಡಿ, ಶುರುವಾಯ್ತಪ್ಪ ಮತ್ತೆ, ಅಂದುಕೊಂಡೇ ಎತ್ತಿದ.

"ಕಾಂತಣ್ಣ, ಲ್ಯಾಪ್‌ಟಾಪ್ ಏಳ್ತಾ ಇಲ್ಲ. ನಿಮ್ಮಪ್ಪ ಬಂದಿದಾರೆ. ಎದೆನೋವು. ಆಟೋ ಶಿವರಾಮಣ್ಣ ಕರ್ಕೊಂಡು ಬಂದ್ರು."

ಕಾಂತರಾಜ ಸ್ಕ್ರೂಡ್ರೈವರ್ ಕೆಳಗಿಟ್ಟ. "ಎಂತ ನೋವು? ಗ್ಯಾಸ್ ಇರಬೇಕು. ಅಪ್ಪಂಗೆ ಯಾವಾಗ್ಲೂ ಗ್ಯಾಸು."

"ಅವರೂ ಅದೇ ಹೇಳ್ತಿದಾರೆ. ಬೆಳಿಗ್ಗೆಯಿಂದ ಸೋಡಾ ಕುಡ್ಕೊಂಡು ಕೂತಿದ್ರಂತೆ. ಬೆವರು ಸುರೀತಾ ಇದೆ ಕಾಂತಣ್ಣ, ಎಡಗೈ ಎತ್ತೋಕಾಗ್ತಿಲ್ಲ. ಲಿಖಿತಾ ಡಾಕ್ಟ್ರು ಮಾತ್ರೆ ಕೊಟ್ಟಿದಾರೆ. ಇಸಿಜಿ ಆಗ್ಬೇಕು."

ಆ ಕ್ಲಿನಿಕ್ಕಿನ ಇಸಿಜಿ ಪೆಟ್ಟಿಗೆ ಕಾಗದ ಕೊಡುವಂಥದ್ದಲ್ಲ. ಎದೆಗೆ ಅಂಟಿಸಿದ ವೈರುಗಳ ಬಡಿತ ಲ್ಯಾಪ್‌ಟಾಪಿಗೆ ಬಂದು, ಅಲ್ಲಿಂದ ಶಿವಮೊಗ್ಗದ ಹೃದಯದ ಡಾಕ್ಟರಿಗೆ ಹೋಗಬೇಕು. ಅವರು ನೋಡಿ ಹೂಂ ಅಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು. ಇಂಜೆಕ್ಷನ್ ಫ್ರಿಜ್ಜಿನಲ್ಲಿ ಸಿದ್ಧವಾಗಿತ್ತು. ಆದರೆ ಹೃದಯದ ನೋವಲ್ಲದೆ ಬೇರೆ ಏನೋ ಆಗಿದ್ದು, ಇದನ್ನು ಚುಚ್ಚಿಬಿಟ್ಟರೆ ಒಳಗೇ ರಕ್ತ ಸೋರಿ ಮನುಷ್ಯ ಹೋಗಿಬಿಡಬಹುದು. ನೋಡದೆ ಕೊಡುವ ಹಾಗಿಲ್ಲ, ಕೊಡದೆ ಕೂರುವ ಹಾಗೂ ಇಲ್ಲ. ಆಂಬುಲೆನ್ಸ್ ಯಾರದೋ ಹೆರಿಗೆಗೆಂದು ತೀರ್ಥಹಳ್ಳಿಗೆ ಹೋಗಿದ್ದು ಇನ್ನೂ ವಾಪಸು ದಾರಿಯಲ್ಲಿತ್ತು.

"ಪವರ್ ಬಟನ್ ಒತ್ತಿ ಹಿಡ್ಕೊ. ಪೂರ್ತಿ ಆರಲಿ. ಮತ್ತೆ ಹಾಕು," ಅಂದ ಕಾಂತರಾಜ. ಹಗಲೆಲ್ಲ ಹತ್ತು ಜನಕ್ಕೆ ಹೇಳುವ ಮಾತು, ಬಾಯಿಗೆ ತಾನಾಗಿ ಬಂತು.

ಸ್ವಪ್ನಾ ಹಾಗೇ ಮಾಡಿದಳು. ಕಂಪನಿಯ ಹೆಸರು ಒಮ್ಮೆ ಮೂಡಿ ಮಾಯವಾಯಿತು. ಮತ್ತೆ ಅದೇ ಕಪ್ಪು.

"ಅಯ್ಯೋ, ಸುಮ್ನೆ ಬಿಟ್ಟಿದ್ರೆ ಇಷ್ಟೊತ್ತಿಗೆ ಎದ್ದಿರ್ತಿತ್ತೇನೋ! ಈಗ ಮತ್ತೆ ಮೊದಲಿಂದ," ಅಂದಳು ಸ್ವಪ್ನಾ. ಅವಳ ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ. ಕಾಂತರಾಜನಿಗೆ ತನ್ನ ಅವಸರಕ್ಕೆ ಅಪ್ಪನ ಆಯುಷ್ಯದಿಂದ ಒಂದು ತುಂಡು ಮುರಿದು ಕೊಟ್ಟ ಹಾಗಾಯಿತಲ್ಲ ಅಂತ ಅನ್ನಿಸಿತು.

ಫೋನಿನಲ್ಲಿ ಅಪ್ಪನ ಏದುಸಿರು ಕೇಳುತ್ತಿತ್ತು. ಲಿಖಿತಾ ಡಾಕ್ಟರು "ಮಾತಾಡ್ಬೇಡಿ, ಅಲ್ಲಾಡ್ಬೇಡಿ" ಅನ್ನುತ್ತಿದ್ದರು. ಮಾಸ್ತಪ್ಪ ಮಾತಾಡುತ್ತಲೇ ಇದ್ದ. "ಒಂಚೂರು ಜೀರಿಗೆ ಕಷಾಯ ಕೊಡಿ ಮಾರಾಯ್ರೆ, ಎಲ್ಲ ಇಳಿತದೆ."

"ಸ್ವಪ್ನಾ, ನೆಟ್ ವೈರ್ ಚುಚ್ಚಿದಿಯಾ? ಕೀಳು ಅದನ್ನ."

"ಕಿತ್ತೆ. ಏನೂ ಇಲ್ಲ, ಕಪ್ಪೇ."

"ಇಸಿಜಿ ಪೆಟ್ಟಿಗೆ ವೈರು?"

"ಇನ್ನೂ ಹಾಕೇ ಇಲ್ಲ."

"ಎಫ್ ಟೂ ಒತ್ತು. ಒತ್ತಿ ಒತ್ತಿ ಬಿಡು. ಸೆಟ್ಟಿಂಗ್ಸಿನ ನೀಲಿ ಪರದೆ ಬರ್ತದಾ ನೋಡು."

ಕೀಲಿಮಣೆಯ ಮೇಲೆ ಅವಳ ಬೆರಳು ಟಕಟಕ ಬಡಿಯುವುದು ಇಲ್ಲಿಗೇ ಕೇಳಿತು. "ಇಲ್ಲ ಕಾಂತಣ್ಣ. ಒತ್ತಿದ್ದು ಅದಕ್ಕೆ ತಿಳೀತಾನೇ ಇಲ್ಲ."

ಹಾಗಾದರೆ ಯಂತ್ರ ಸತ್ತಿಲ್ಲ. ಯಾವುದನ್ನೋ ಓದಲು ಹೋಗಿ ಅಲ್ಲೇ ಸಿಕ್ಕಿಕೊಂಡಿದೆ. ಅಷ್ಟು ಕಾಂತರಾಜನಿಗೆ ಗೊತ್ತಾಯಿತು. ಆದರೆ ಯಾವುದನ್ನು? ಎದುರಿಗಿದ್ದರೆ ಒಂದು ನೋಟಕ್ಕೆ ಹಿಡಿಯುತ್ತಿದ್ದ. ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಗಿತ್ತು.

"ಇನ್ನೆಂತ ಚುಚ್ಚಿದೆ ಅದಕ್ಕೆ? ಸರಿಯಾಗಿ ನೋಡಿ ಹೇಳು."

"ಚಾರ್ಜರ್ ಇದೆ. ಮೌಸು ಕಿತ್ತಾಯ್ತು. ಬೇರೆ ಎಂತದೂ ಇಲ್ಲ."

"ಬೇರೆ ಏನೂ ಇಲ್ವಾ?"

"ಇಲ್ಲ ಅಂದ್ನಲ್ಲ!"

ಅಷ್ಟರಲ್ಲಿ ಮಾಸ್ತಪ್ಪನ ಮಾತು ನಿಂತಿತು. ಇಷ್ಟು ಹೊತ್ತು ಬಾಯಿ ಮುಚ್ಚದಿದ್ದ ಮನುಷ್ಯ ಸುಮ್ಮನಾದ. "ಸ್ವಪ್ನಾ, ಬಿಪಿ ಇಳೀತಿದೆ," ಅಂದರು ಡಾಕ್ಟರು. ಕಾಂತರಾಜ ಅಂಗಡಿಯಲ್ಲಿ ಎದ್ದು ನಿಂತ. ಎದುರಿಗೆ ಕೂತಿದ್ದ ಪ್ರಿಂಟರಿನ ಯಜಮಾನ "ಎಂತಾಯ್ತು?" ಅಂತ ಕೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಅಪ್ಪ, ಮಾತಾಡಿ, ಬೈಯಲಾದರೂ ಬಾಯಿ ಬಿಡಿ ಅಂತ ಒಳಗೊಳಗೇ ಅಂಗಲಾಚಿದ.

ಆಗ ಕ್ಲಿನಿಕ್ಕಿನ ಆಯಾ ಹೂವಮ್ಮನ ದನಿ ಕೇಳಿತು. ಮಾಸ್ತಪ್ಪನ ಪಾದ ತಿಕ್ಕುತ್ತ ನಿಂತಿದ್ದ ಅವಳು ಅವನಿಗೆ ಧೈರ್ಯ ಹೇಳುತ್ತಿದ್ದಳು. "ಹೆದ್ರಬೇಡ ಮಾಸ್ತಣ್ಣ. ದೇವ್ರ ದೀಪ ಮಿಣುಕ್ತಾ ಐತೆ ನೋಡು ಅಲ್ಲಿ. ನಿಂತೇ ಇಲ್ಲ. ದೇವ್ರು ಕೆಲ್ಸ ಮಾಡ್ತಾ ಅವ್ನೆ."

ಕಾಂತರಾಜ ಫೋನಿಗೆ ಕೂಗಿದ.

"ಸ್ವಪ್ನಾ! ಯಾವ ದೀಪ? ಹೂವಕ್ಕ ಹೇಳಿದ್ದು ಯಾವ ದೀಪ?"

"ಅದೇ, ದೇವರದ್ದರ ಲೈಟು. ನೀವೇ ಚುಚ್ಚಿ ಕೊಟ್ಟಿದ್ರಲ್ಲ."

"ಏನೂ ಇಲ್ಲ ಅಂದ್ಯಲ್ಲೇ!"

"ದೇವರದ್ದು ಬಿಟ್ಟು ಬೇರೇನಿಲ್ಲ ಅಂತ ಕಾಂತಣ್ಣ. ಅದು ಯಾವಾಗ್ಲೂ ಇರೋದೇ ಅಲ್ವಾ?"

ಅವಳನ್ನು ಬೈದು ಏನು ಪ್ರಯೋಜನ? ಅವನಿಗೇ ಹೊಳೆದಿರಲಿಲ್ಲ. ಅಪ್‌ಡೇಟ್ ಆದಾಗ ಆ ಬುದ್ಧಿ ಹಳೆಯ ಕ್ರಮವನ್ನು ಮರೆತು, ಮೊದಲು ಹೊರಗೆ ಚುಚ್ಚಿದ್ದರಲ್ಲಿ ಹುಡುಕು, ಆಮೇಲೆ ಒಳಗೆ ನೋಡು ಅನ್ನುವ ಹೊಸ ಕ್ರಮ ಹಿಡಿದಿತ್ತು. ಹುಡುಕಿದರೆ ಅಲ್ಲಿ ಏನಿದೆ? ಭಜನೆ. ಹಳೆಯ ಪೆನ್‌ಡ್ರೈವು, ದಿನವೂ ಓಡಿ ಓಡಿ ಸವೆದದ್ದು. ಯಂತ್ರ ಅದನ್ನು ಓದಲಾರದೆ, ಬಿಡಲಾರದೆ ಹೆಣಗುತ್ತಿತ್ತು. ಕ್ರಮ ಬದಲಾಗಿದೆಯಾ ಅಂತ ನೋಡುವುದು ಅವನ ಕೆಲಸವಾಗಿತ್ತು. ಅವನು ಹೊಸ ಸೊಸೆಯ ಕತೆ ಹೇಳಿ ಕೂತಿದ್ದ.

"ಕೀಳು ಅದನ್ನ. ಈಗಲೇ."

ಸ್ವಪ್ನಾ ಕೈ ಚಾಚಿರಬೇಕು. ಹೂವಮ್ಮ ಹೌಹಾರಿದಳು. "ಬ್ಯಾಡ ಮಗಾ! ಮನುಷ್ಯ ಹಿಂಗೆ ಮಲಗಿರ್ಬೇಕಾದ್ರೆ ದೇವ್ರನ್ನ ಕಿತ್ತು ಹಾಕ್ತಾರಾ? ಉರೀತಿರೋ ದೀಪ ಅದು. ನಿಂಗೆ ಒಳ್ಳೇದಾಗ್ತದಾ?"

ಸ್ವಪ್ನಾಳೂ ಇದೇ ಊರಿನ ಹುಡುಗಿ, ಅವಳ ಕೈಯೂ ತಡೆಯಿತು.

"ಸ್ವಪ್ನಾ, ಸ್ಪೀಕರ್ ಹಾಕು! ಹೂವಕ್ಕ, ಕೇಳು, ನಾನೇ ಇಟ್ಟಿದ್ದು ಅದು, ನಾನೇ ಕೀಳು ಅಂತಿದ್ದೀನಿ..."

ಅವನ ಮಾತಿನ ನಡುವೆ ಇನ್ನೊಂದು ದನಿ ಬಂತು. ನೀರಿನೊಳಗಿಂದ ಬಂದ ಹಾಗೆ ಬಂತು. "ಹೂವಕ್ಕ, ಅದ್ರೊಳಗೆ ಇರೋದು ದೇವ್ರಲ್ಲ ಕಣೆ. ನಾನು." ಮಾಸ್ತಪ್ಪ ಉಸಿರು ಎಳೆದುಕೊಂಡ. "ನನ್ ದನಿ, ನಾನ್ ಹೇಳ್ತೀನಿ. ಕೀಳು ಮಗಾ."

ಸ್ವಪ್ನಾ ಕಿತ್ತಳು.

ಮುಂದಿನದೆಲ್ಲ ಕಾಂತರಾಜ ಕೇಳಿದ್ದು ಚೂರುಚೂರು. "ಬಂತು ಕಾಂತಣ್ಣ, ಬಂತು!" ಆಮೇಲೆ ಪಾಸ್‌ವರ್ಡ್ ಒತ್ತುವ ಸದ್ದು. ಎದೆಗೆ ವೈರು ಅಂಟಿಸುವಾಗ "ತಣ್ಣಗೈತೆ" ಅಂದ ಅಪ್ಪ. ಡಾಕ್ಟರು ಇನ್ನೊಂದು ಫೋನಿನಲ್ಲಿ ಶಿವಮೊಗ್ಗಕ್ಕೆ ಮಾತಾಡಿದರು, "ಹೌದು ಸರ್, ಕಳಿಸಿದ್ದೀನಿ, ನೋಡಿ ಸರ್." ಅಲ್ಲಿಂದ ಉತ್ತರ ಬರುವವರೆಗೆ ಕಾಂತರಾಜ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ.

"ಹೃದಯದ್ದೇ. ದೊಡ್ಡದೇ ಆಗಿದೆ. ಇಂಜೆಕ್ಷನ್ ತೆಗಿ ಸ್ವಪ್ನಾ," ಅಂದರು ಡಾಕ್ಟರು.

ಗ್ಯಾಸಂತೆ ಗ್ಯಾಸು! ಜೀರಿಗೆ ಕಷಾಯ ಕುಡಿದು ಮನೆಯಲ್ಲಿ ಮಲಗಿದ್ದರೆ ಸಂಜೆಯೊಳಗೆ ಊರಿಗೆ ಊರೇ ಅಂಗಳದಲ್ಲಿ ಸೇರಿರುತ್ತಿತ್ತು. ಕಾಂತರಾಜ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತ. ಪ್ರಿಂಟರಿನ ಯಜಮಾನ ಏನೂ ಕೇಳದೆ ನೀರಿನ ಬಾಟಲಿ ಮುಂದಿಟ್ಟ.

ಇಂಜೆಕ್ಷನ್ ಕೊಟ್ಟಾಯಿತು. ಆಂಬುಲೆನ್ಸ್ ಬಂತು. ಶಿವಮೊಗ್ಗಕ್ಕೆ ಹೊರಡುವ ಮುಂಚೆ ಸ್ವಪ್ನಾ ಫೋನನ್ನು ಮಾಸ್ತಪ್ಪನ ಬಾಯಿಯ ಹತ್ತಿರ ಹಿಡಿದಳು.

"ಅಪ್ಪ, ನಾನು ಹೊರಟೆ. ಆನಂದಪುರದ ಮೇಲೆ ಬರ್ತೀನಿ. ನೀವು ಬರೋಷ್ಟ್ರಲ್ಲಿ ಆಸ್ಪತ್ರೆ ಬಾಗಿಲಲ್ಲಿ ಇರ್ತೀನಿ."

"ಬರೋದು ಆಮೇಲೆ ಬಾ." ಮಾಸ್ತಪ್ಪನ ದನಿ ಸಣ್ಣಗಾಗಿತ್ತು, ಗತ್ತು ಕಡಿಮೆಯಾಗಿರಲಿಲ್ಲ. "ಎಲ್ಲೆಲ್ಲಿ ನನ್ನ ಚುಚ್ಚಿಟ್ಟಿದೀಯೋ? ಅಲ್ಲೆಲ್ಲ ಫೋನ್ ಮಾಡು ಮೊದ್ಲು. ಇನ್ನೊಬ್ರ ಮನೇಲಿ ಹಿಂಗಾಗ್ಬಾರ್ದು."

ಅಪ್ಪ ಹೇಳಿದ ಮೇಲೆ ಮುಗಿಯಿತು, ಎರಡನೇ ಮಾತಿಲ್ಲ. ಕಾಂತರಾಜನ ಕಾಲು ಬೈಕಿನ ಕಡೆ ಎಳೆಯುತ್ತಿತ್ತು. ಆದರೂ ನಿಂತ. ತೀರ್ಥಹಳ್ಳಿಯ ಹೆರಿಗೆ ಆಸ್ಪತ್ರೆಯದೇ ಮೊದಲು. ಅಲ್ಲಿ ಹೊಟ್ಟೆಯೊಳಗಿನ ಮಗುವಿನ ಬಡಿತ ನೋಡುವುದೂ ಅವನು ಅಪ್‌ಡೇಟ್ ಹಾಕಿದ ಲ್ಯಾಪ್‌ಟಾಪಿನಲ್ಲೇ.

ವಿಶಾಲಮ್ಮ ಫೋನ್ ಎತ್ತಿದರು. ಅವರ ಹಿಂದೆ ಹಾಡು ಕೇಳುತ್ತಿತ್ತು. ತಾಳ, ಹಾರ್ಮೋನಿಯಂ, ಅವುಗಳ ಮೇಲೆ ಮಾಸ್ತಪ್ಪನ ತುಂಬು ಗಂಟಲು, ಹರೆಯದವನ ಹಾಗೆ.

"ವಿಶಾಲಮ್ಮ, ಲ್ಯಾಪ್‌ಟಾಪಲ್ಲಿ ಆ ದೇವರದ್ದು ಇದೆಯಲ್ಲ, ಅದನ್ನ ಕಿತ್ತು ತೆಗೆದಿಡಿ. ಅದರಿಂದಲೇ ನಿಮ್ಮ ಮಷೀನ್ ಏಳೋದು ತಡ ಆಗ್ತಿರೋದು. ತಪ್ಪು ನಂದು."

"ಅಯ್ಯೋ, ಈಗ ಹಾಡ್ತಾ ಇದೆ ಮಾರಾಯ. ಎಷ್ಟು ಚಂದ ಹಾಡ್ತಾರೆ ನಿಮ್ಮಪ್ಪ! ಬಸುರಿಯರೆಲ್ಲ ಇದನ್ನ ಕೇಳ್ಕೊಂಡೇ ಕೂತಿರ್ತಾರೆ. ಇದೊಂದು ಮುಗೀಲಿ, ತೆಗೀತೀನಿ."

ಮುಗೀಲಿ ಅಂತ ಅವನ ಬಾಯಿಗೂ ಬಂತು. ನುಂಗಿಕೊಂಡ. "ಬೇಡ ವಿಶಾಲಮ್ಮ. ಈಗಲೇ ಕೀಳಿ. ನಾನು ಲೈನಲ್ಲೇ ಇರ್ತೀನಿ."

ಸಾಲಿನ ಅರ್ಧಕ್ಕೆ ಅಪ್ಪನ ದನಿ ನಿಂತುಹೋಯಿತು.

ನಿಲ್ಲಿಸಿದ್ದು ತಾನೇ. ಗೊತ್ತಿತ್ತು. ಗೊತ್ತಿದ್ದರೂ ಅಪ್ಪನೇ ನಿಂತುಹೋದ ಹಾಗೆ ಕಾಂತರಾಜನಿಗೆ ಅನ್ನಿಸಿತು. ವಿಶಾಲಮ್ಮ ಇನ್ನೇನೋ ಹೇಳುತ್ತಿದ್ದರು. ಅವನು ಫೋನ್ ಇಟ್ಟು, ಸ್ವಪ್ನಾಳ ನಂಬರ್ ಒತ್ತಿದ. ಅಪ್ಪನ ಜೊತೆ ಹೊರಟಿದ್ದ ಅವಳು ಆಂಬುಲೆನ್ಸಿನ ಸದ್ದಿನ ನಡುವೆ ಎತ್ತಿದಳು.

"ಅಪ್ಪನ ಹತ್ರ ಕೊಡು."

"ಎಂತದೋ?" ಅಂದ ಮಾಸ್ತಪ್ಪ.

"ಏನಿಲ್ಲ ಅಪ್ಪ. ನೀವು ಮಾತಾಡ್ಲಿ ಅಂತ."

"ಮಾತಾಡಿದ್ನಲ್ಲ. ಇನ್ನೂ ಉಳಿದವ್ರಿಗೆ ಫೋನ್ ಮಾಡು, ಇಡು."