ಮೂರನೇ ಕ್ಲ್ಯಾಂಪು

ಹಡಗು ಕಟ್ಟುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕಿವಿಯಪ್ಪ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಹೊಸ ಸಬ್‌ಮೆರೀನಿನಲ್ಲಿ ಎಲ್ಲಿ ಸದ್ದು ಹುಟ್ಟುತ್ತದೆ ಎಂದು ಹುಡುಕಿ ಹುಟ್ಟಡಗಿಸುವುದು ಅವನ ಕೆಲಸ.

ಅಣುಶಕ್ತಿಯಿಂದ ಓಡುವ ಆ ಸಬ್‌ಮೆರೀನು ತಿಂಗಳುಗಟ್ಟಲೆ ನೀರಿನಿಂದ ತಲೆ ಎತ್ತಬೇಕಾಗಿಲ್ಲ. ಉಸಿರಾಡುವ ಗಾಳಿ, ಕುಡಿಯುವ ನೀರು ಎರಡನ್ನೂ ಸಮುದ್ರದಿಂದಲೇ ಮಾಡಿಕೊಳ್ಳುತ್ತದೆ. ಶತ್ರುವಿನ ಬೆನ್ನ ಹಿಂದೆಯೇ ಹೋಗಿ ನಿಲ್ಲಬಲ್ಲದು. ಆದರೆ ಒಳಗೊಂದು ಪೈಪು ಠಣ್ ಎಂದರೆ ಬೇಟೆಗೆ ಹೋದದ್ದೇ ಬೇಟೆಯಾಗುತ್ತದೆ. ಅದಕ್ಕೇ ಮೈತುಂಬ ಸದ್ದು ನುಂಗುವ ರಬ್ಬರು ಹಲಗೆ, ಯಂತ್ರದಡಿ ರಬ್ಬರು, ಪೈಪು ಹಿಡಿದ ಕ್ಲ್ಯಾಂಪಿನೊಳಗೂ ರಬ್ಬರು. ಅದೇ ಕಾರ್ಖಾನೆಯಲ್ಲಿ ಪೈಪು ಫಿಟ್ಟರ್ ಆಗಿದ್ದ ಅಳಿಯ, "ಮಾವನಿಗೆ ಬಿಟ್ರೆ ನಮ್ಮ ಹಲ್ಲಿಗೂ ರಬ್ಬರು ಹಾಕಿಸ್ತಾರೆ" ಎಂದು ಹೆಂಡತಿಯ ಮುಂದೆ ಆಡಿಕೊಳ್ಳುತ್ತಿದ್ದ.

ಯಂತ್ರದ ಕೋಣೆಯ ಮೂರನೇ ಕ್ಲ್ಯಾಂಪಿಗೆ ಅಳಿಯ ರಬ್ಬರು ಹಾಕಿರಲಿಲ್ಲ. ಕಿವಿಯಪ್ಪ ಎರಡು ಸಲ ಹೇಳಿದ್ದ. ಆ ಬೆಳಿಗ್ಗೆ ತಿಂಡಿಗೆ ಕೂತಾಗ ಮತ್ತೆ ಕೇಳಿದ.

"ಹಾಕಿ ಆಯ್ತು ಮಾವ" ಎಂದು ಅಳಿಯ ಬಾಯಿ ಒರೆಸಿಕೊಂಡು ಎದ್ದ.

ಕಿವಿಯಪ್ಪ ಬಾಯಿಮಾತನ್ನು ನಂಬುವ ಪೈಕಿಯಲ್ಲ. ಆ ಕ್ಲ್ಯಾಂಪು ಹಿಡಿದ ಪೈಪಿನ ಇನ್ನೊಂದು ತುದಿ ಹೊರಮೈಯ ತೊಟ್ಟಿಯಲ್ಲಿತ್ತು. ತೊಟ್ಟಿಗೆ ನೀರು ತುಂಬಿದರೆ ಸಬ್‌ಮೆರೀನು ಮುಳುಗುತ್ತದೆ. ಪೈಪಿನಿಂದ ಗಾಳಿ ನುಗ್ಗಿಸಿ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ಸೋರಿಕೆ ಇದೆಯೇ ಎಂದು ನೋಡಲು ಮಧ್ಯಾಹ್ನ ಮೂರಕ್ಕೆ ತೊಟ್ಟಿಗೆ ನೀರು ಬಿಡುವವರಿದ್ದರು. ಪೈಪಿನ ತುದಿಗೆ ಹೊಡೆದು ನೋಡೋಣವೆಂದು ಎರಡೂವರೆಗೆ ಕಿವಿಯಪ್ಪ ಅದರೊಳಗೆ ಇಳಿದ.

ಇಳಿಯುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಮುಚ್ಚಳದ ಪಕ್ಕದ ಕೊಕ್ಕೆಗೆ ನೇತುಹಾಕಬೇಕು. ಬಿಲ್ಲೆ ಇದ್ದರೆ ಒಳಗೆ ಮನುಷ್ಯ ಇದ್ದಾನೆ ಎಂದರ್ಥ. ಅವನೂ ಹಾಕಿದ. ಆದರೆ ಅದು ಗಾಳಿಗೆ ಟಿಕ್ ಟಿಕ್ ಎಂದು ಉಕ್ಕಿಗೆ ಬಡಿಯತೊಡಗಿತು. ಬೇರೆಯವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಇವನು ಹಲ್ಲು ಕಡಿಯುತ್ತ ಮೇಲೆ ಹತ್ತಿ ಬಂದು, ಬಿಲ್ಲೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಮೂವತ್ತು ವರ್ಷದ ಅನುಭವ ಅಂದರೆ ಇದೇ ನೋಡಿ.

ಒಂದು ಕಿವಿಗೆ ಸದ್ದು ಆಲಿಸುವ ಉಕ್ಕಿನ ಸಲಾಕೆ, ಇನ್ನೊಂದಕ್ಕೆ ಹತ್ತಿ. ಮೊದಲು ಗೋಡೆಗಳನ್ನು ಒಂದೊಂದಾಗಿ ಆಲಿಸುತ್ತ ಮೂಲೆ ಸೇರಿದವನಿಗೆ ಮೇಲಿನಿಂದ ಯಾರೋ ಕೂಗಿದ್ದು ಕೇಳಿಸಲಿಲ್ಲ. ಮುಚ್ಚಳ ಬಿದ್ದದ್ದು ಮಾತ್ರ ಪಾದದಲ್ಲಿ ನಡುಗಿತು. ಓಡಿ ಏಣಿ ಹತ್ತುವಷ್ಟರಲ್ಲಿ ಹೊರಗಿನಿಂದ ಬೋಲ್ಟುಗಳು ಬಿಗಿಯಾಗಿದ್ದವು.

ಟಾರ್ಚಿನಿಂದ ಹೊರಗೋಡೆಗೆ ಬಡಿದ. ದಪ್, ದಪ್. ದಿಂಬಿಗೆ ಗುದ್ದಿದಂತಾಯಿತು. ಹೊರಗೆ ಅಂಟಿಸಿದ ರಬ್ಬರು ಹಲಗೆಯೊಂದೊಂದನ್ನೂ ಪರೀಕ್ಷಿಸಿ ರುಜು ಹಾಕಿದವನು ತಾನೇ. ಗಂಟಲು ಹರಿಯುವ ಹಾಗೆ ಕೂಗಿದ. ಮೊಬೈಲು ಗೇಟಿನ ಪೆಟ್ಟಿಗೆಯಲ್ಲಿತ್ತು. ಮೂರು ಗಂಟೆಗೆ ಸರಿಯಾಗಿ ಕೆಳಗಿನಿಂದ ನೀರು ಬಂತು. ಈ ಕಾರ್ಖಾನೆಯಲ್ಲಿ ಯಾವುದೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ ಎಂದು ಅವನು ದಿನಾ ಗೊಣಗುತ್ತಿದ್ದ.

ನೀರು ಮೊಣಕಾಲಿಗೆ ಬಂದಾಗ ಕಿವಿಯಪ್ಪ ಅತ್ತ. ಮಗಳ ಮುಖ ನೆನಪಾಯಿತು. ಆಮೇಲೆ ಮೂರನೇ ಕ್ಲ್ಯಾಂಪು ನೆನಪಾಯಿತು. ಅದರಲ್ಲಿ ರಬ್ಬರು ಇದ್ದರೆ ಪೈಪಿನ ಸದ್ದು ಅಲ್ಲೇ ಸತ್ತುಹೋಗುತ್ತದೆ. ಇಲ್ಲದಿದ್ದರೆ ಯಂತ್ರದ ಕೋಣೆಯೆಲ್ಲ ಗಂಟೆಯಂತೆ ಮೊಳಗುತ್ತದೆ.

"ದೇವರೇ, ನನ್ನ ಅಳಿಯ ಸುಳ್ಳು ಹೇಳಿರಲಿ" ಎಂದ. ಹಾಗೆ ಬೇಡಿಕೊಂಡ ಮಾವ ಲೋಕದಲ್ಲಿ ಅವನೊಬ್ಬನೇ ಇರಬೇಕು.

ಸಲಾಕೆ ಎತ್ತಿ ಪೈಪಿಗೆ ಹೊಡೆದ. ಠಣ್.

"ಸುಳ್ಳ!" ಎಂದು ಕಿವಿಯಪ್ಪ ಕತ್ತಲಲ್ಲಿ ನಕ್ಕುಬಿಟ್ಟ. ಮೂರು ಹೊಡೆತ, ಒಂದು ಬಿಡುವು, ಮತ್ತೆ ಮೂರು. ನೀರು ಸೊಂಟ ದಾಟಿತು, ಎದೆಗೆ ಬಂತು. ತೋಳು ಸೋತು ಬಂದರೂ ಹೊಡೆಯುತ್ತಲೇ ಇದ್ದ. ಕುತ್ತಿಗೆಯ ಹತ್ತಿರ ನೀರು ನಿಂತಿತು. ಮೇಲೆ ಬೋಲ್ಟು ತಿರುಗಿದವು.

ಬೆಳಕಿನೊಂದಿಗೆ ಇಣುಕಿದ್ದು ಅಳಿಯನ ಮುಖ. ಅವನ ಕೈಯಲ್ಲಿ ಸ್ಪ್ಯಾನರು, ಅಂಗಿಯ ಜೇಬಿನಿಂದ ಹೊರಗೆ ಇಣುಕುವ ರಬ್ಬರು ತುಂಡು.

"ಹಾಕಿರ್ಲಿಲ್ಲ ಮಾವ" ಎಂದ, ತೊದಲುತ್ತ. "ನೀವು ನೋಡೋಕೆ ಮುಂಚೆ ಹಾಕೋಣ ಅಂತ ಈಗ ಬಂದೆ. ಕ್ಲ್ಯಾಂಪಿಗೆ ಸ್ಪ್ಯಾನರ್ ಇಟ್ಟೆ, ಅಷ್ಟ್ರಲ್ಲಿ ಅದು ಬಡ್ಕೊಳ್ತು."

ಐದು ನಿಮಿಷ ಮುಂಚೆ ಬಂದಿದ್ದರೆ ರಬ್ಬರು ಕೂತು ಸದ್ದು ಅಲ್ಲೇ ಸಾಯುತ್ತಿತ್ತು. ಅಳಿಯ ಅವನ ತಲೆ ಒರೆಸಿದ. ಕಿವಿಯಪ್ಪ ಒದ್ದೆ ಕೈಯಲ್ಲೇ ಕೆಲಸದಲ್ಲಿ ಕಂಡ ತಪ್ಪುಗಳನ್ನು ಬರೆದಿಡುವ ಪುಸ್ತಕ ತರಿಸಿಕೊಂಡು, ಬಿಲ್ಲೆ ಜೇಬಿನಲ್ಲಿಟ್ಟುಕೊಂಡ ತನ್ನ ತಪ್ಪನ್ನು ಮೊದಲು ಬರೆದ. ಕೆಳಗೆ ಮೂರನೇ ಕ್ಲ್ಯಾಂಪು ಎಂದು ಬರೆಯುವಾಗ ಅಳಿಯನ ಮುಖ ಸಪ್ಪಗಾಯಿತು.

"ಅದೇ ನಿಮ್ಮನ್ನ ಉಳಿಸ್ತಲ್ಲ ಮಾವ?"

"ನನ್ನ ಸದ್ದು ನಿನಗೆ ಕೇಳ್ತು ಕಣಪ್ಪ, ಬದುಕಿದೆ. ಇದರಲ್ಲಿ ಹೋಗೋ ನೂರು ಹುಡುಗರ ಸದ್ದು ಕೇಳೋದು ಅವರನ್ನ ಕೊಲ್ಲೋಕೆ ಬಂದವನಿಗೆ. ಹಾಕು ರಬ್ಬರು."

ಮರುದಿನ ಸದ್ದಿನ ಪರೀಕ್ಷೆ. ತೊಟ್ಟಿಯೊಳಗೆ ಇಳಿದು ಪೈಪಿಗೆ ಹೊಡೆಯುವುದು ಕಿವಿಯಪ್ಪನದೇ ಕೆಲಸ. ಬಿಲ್ಲೆಯನ್ನು ಕೊಕ್ಕೆಗೆ ಹಾಕಿದ. ಅದು ಟಿಕ್ ಟಿಕ್ ಎನ್ನುತ್ತಲೇ ಇರಲಿ ಎಂದು ಬಿಟ್ಟ. ಕೆಳಗಿಳಿದು ಸಲಾಕೆಯಿಂದ ಮೂರು ಸಲ ಹೊಡೆದ. ದಪ್, ದಪ್, ದಪ್. ಕಾದ. ಇನ್ನೂ ಜೋರಾಗಿ, ಎರಡೂ ಕೈಯಿಂದ ಹೊಡೆದ.

ಸ್ವಲ್ಪ ಹೊತ್ತಿಗೆ ಯಂತ್ರದ ಕೋಣೆಯಿಂದ ಬಂದ ಅಳಿಯ ಮುಚ್ಚಳದ ಹತ್ತಿರ ಬಗ್ಗಿ ಹೇಳಿದ: "ಏನೂ ಕೇಳಿಸ್ಲಿಲ್ಲ ಮಾವ."

ಮೂವತ್ತು ವರ್ಷ ಈ ಮಾತನ್ನು ಕೇಳಲೆಂದೇ ಕಿವಿಯಪ್ಪ ದುಡಿದಿದ್ದ. ಈಗ ಅವನು ಆತುರಾತುರವಾಗಿ ಏಣಿ ಹಿಡಿದ.

"ನಾನು ಹತ್ತಿ ಬರೋ ತನಕ ಅಲ್ಲೇ ನಿಂತಿರಪ್ಪ" ಎಂದ.