ಜೆಟ್ಟಿಯಲ್ಲಿ ಜಾಗ

"ಸ್ವಲ್ಪ ತಡೀರಿ ಮಾನಿಕ್ ಬೇಬೆ, ಅಂಬುಲೆನ್ಸ್ ಲಾಂಚ್ ಹೊರಟಾಗಿದೆ. ಈಗ ಬಂದ್ಬಿಡತ್ತೆ," ಎನ್ನುತ್ತ ನರ್ಸ್ ನಸೀಹಾ ಜೆಟ್ಟಿಯ ಮೇಲೆ ಓಡಿ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಗ್ಲೂಕೋಸ್ ಬಾಟಲಿ. ಅಷ್ಟರಲ್ಲಿ ಅಕ್ಕಪಕ್ಕದ ಗಂಡಸರು ಸೇರಿ ಶಿಯಾನಾಳನ್ನು ಹಾಸಿಗೆ ಸಮೇತ ಮೀನಿನ ದೋಣಿಗೆ ಇಳಿಸಿಯಾಗಿತ್ತು. ಎಂಟು ತಿಂಗಳ ಬಸುರಿ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಶುರುವಾದ ರಕ್ತಸ್ರಾವ ಇನ್ನೂ ನಿಂತಿರಲಿಲ್ಲ.

ಊರಿಗೆಲ್ಲ ಬೇಬೆ, ಅಂದರೆ ಅಣ್ಣ ಆಗಿದ್ದ ಯೂಸುಫ್ ಮಾನಿಕ್ ಮಗಳ ತಲೆದಿಂಬು ಸರಿಮಾಡಿ, ಹೋಗಿ ಚುಕ್ಕಾಣಿ ಹಿಡಿದ. "ಹೋದ್ವರ್ಷ ಇವಳಮ್ಮನಿಗೂ ನೀನು ಇದನ್ನೇ ಹೇಳಿದ್ದೆ," ಎಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ನಸೀಹಾಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

ನಮ್ಮ ದ್ವೀಪಗಳಲ್ಲಿ ಮೊದಲು ಯಾರಿಗಾದರೂ ಕಾಯಿಲೆ ಜೋರಾದರೆ ಹತ್ತಿರದ ದೋಣಿಯ ಹಗ್ಗ ಬಿಚ್ಚುವುದೊಂದೇ ಗೊತ್ತಿತ್ತು. ದೊಡ್ಡ ದ್ವೀಪದ ಆಸ್ಪತ್ರೆಗೆ ಕೆಲವರು ಮುಟ್ಟುತ್ತಿದ್ದರು, ಕೆಲವರು ಮುಟ್ಟುತ್ತಿರಲಿಲ್ಲ. ಮುಟ್ಟದಿದ್ದರೆ ಅಲ್ಲಾಹನ ಇಚ್ಛೆ, ಬೈಯಲು ಬೇರೆ ಯಾರೂ ಇರಲಿಲ್ಲ. ಆಮೇಲೆ ಸರ್ಕಾರಕ್ಕೆ ತುರ್ತು ಚಿಕಿತ್ಸೆಯ ಮೇಲೆ ಪ್ರೀತಿ ಹುಟ್ಟಿತು. ದ್ವೀಪಕ್ಕೊಬ್ಬ ನರ್ಸನ್ನು ಆರಿಸಿ ರಾಜಧಾನಿ ಮಾಲೆಯಲ್ಲಿ ತರಬೇತಿ ಕೊಟ್ಟರು. ಆಮ್ಲಜನಕ, ರಕ್ತ, ಎದೆಗೆ ಶಾಕ್ ಕೊಡುವ ಯಂತ್ರ ಎಲ್ಲ ಇರುವ ಬಿಳಿ ಲಾಂಚ್ ಬಂತು. ನಸೀಹಾಳನ್ನು ಆ ತರಬೇತಿಗೆ ತನ್ನ ದೋಣಿಯಲ್ಲೇ ಕರೆದುಕೊಂಡು ಹೋಗಿ ಬಿಟ್ಟವನು ಯೂಸುಫ್ ಮಾನಿಕ್. ದಾರಿಯುದ್ದಕ್ಕೂ ಅವಳಿಗೆ ಡಾಕ್ಟರಮ್ಮ, ಡಾಕ್ಟರಮ್ಮ ಎಂದು ರೇಗಿಸಿದ್ದ.

ಹೋದ ವರ್ಷ ಅವನ ಹೆಂಡತಿ ಝುಲೇಖಾ ಮೀನು ಬೇಯಿಸುವ ಒಲೆಯ ಮುಂದೆ ಎದೆ ಹಿಡಿದುಕೊಂಡು ಕುಸಿದಳು. ಅವತ್ತೂ ದೋಣಿ ತಯಾರಿತ್ತು. ಅಂಥ ರೋಗಿಯನ್ನು ತೆರೆದ ದೋಣಿಯಲ್ಲಿ ಕುಲುಕಾಡಿಸಬಾರದು, ಲಾಂಚ್ ಬರುವತನಕ ಮಲಗಿಸಿರಬೇಕು ಎಂದು ನಸೀಹಾಗೆ ಕಲಿಸಿದ್ದರು. ಕಲಿಸಿದ್ದು ಸರಿಯಾಗಿಯೇ ಇತ್ತು. ಆದರೆ ಆ ಶುಕ್ರವಾರ ಲಾಂಚ್ ಎಷ್ಟು ಚೆನ್ನಾಗಿದೆಯೆಂದು ತೋರಿಸಲು ರಾಜಧಾನಿಯ ಅತಿಥಿಗಳನ್ನು ಅದರಲ್ಲೇ ಸುತ್ತಾಡಿಸುತ್ತಿದ್ದರು. ಅವರು ಎಳನೀರು ಕುಡಿದು, ಫೋಟೋ ತೆಗೆಸಿಕೊಂಡು ಇಳಿಯುವಷ್ಟರಲ್ಲಿ ಝುಲೇಖಾ ಈ ಜೆಟ್ಟಿಯ ಮೇಲೆ, ಗಂಡನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಹೋಗಿಬಿಟ್ಟಿದ್ದಳು. ಪಕ್ಕದಲ್ಲೇ ಅವನ ದೋಣಿಯ ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು.

ಆಮೇಲೆ ಕರೆದಾಗಲೆಲ್ಲ ಲಾಂಚ್ ಹೇಳಿದ ಹೊತ್ತಿಗೆ ಬಂದಿದೆ. ಊರಿನವರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯಿರಿ ಎಂದು ಕೇಳುವ ಮುಖ ಯಾರಿಗೂ ಇರಲಿಲ್ಲ.

"ಅವತ್ತಿನ ಹಾಗಲ್ಲ ಬೇಬೆ. ಲಾಂಚಲ್ಲಿ ಡಾಕ್ಟರು ಇದ್ದಾರೆ, ರಕ್ತ ಇದೆ. ನಾನೇ ಅವರ ಹತ್ರ ಮಾತಾಡಿದೀನಿ."

"ಅವತ್ತೂ ನೀನೇ ಮಾತಾಡಿದ್ದು."

"ಹಾಗಾದ್ರೆ ನಾನೂ ಬರ್ತೀನಿ. ಡ್ರಿಪ್ಪಾದ್ರೂ ಹಾಕ್ತೀನಿ."

"ಬೇಡಮ್ಮ ತಾಯಿ," ಎಂದಳು ಶಿಯಾನಾಳ ಕಾಲ ಹತ್ತಿರ ಕೂತಿದ್ದ ಅತ್ತೆ. "ನೀನು ಹತ್ತಿದ್ರೆ ಸಮುದ್ರದ ಮಧ್ಯದಲ್ಲೂ ನಿಲ್ಲಿಸಿ ಕಾಯಿಸ್ತೀಯ."

ನಸೀಹಾ ಆದರೂ ಕಾಲು ಮುಂದಿಟ್ಟಳು. ಯೂಸುಫ್ ಮಾನಿಕ್ ಗಳುವಿನಿಂದ ಜೆಟ್ಟಿಯನ್ನು ಒತ್ತಿದ. ಅವಳ ಕಾಲಿಗೂ ದೋಣಿಗೂ ನಡುವೆ ನೀರು ಅಗಲವಾಯಿತು. ಶಿಯಾನಾ ಒಮ್ಮೆ ಅವಳ ಕಡೆ ತಲೆ ತಿರುಗಿಸಿದಳು. ಮುಖ ಸುಣ್ಣ ಬಳಿದಂತೆ ಬಿಳಿಚಿತ್ತು.

ದೋಣಿ ಹವಳದ ದಿಬ್ಬಗಳ ನಡುವಿನ ಒಳದಾರಿ ಹಿಡಿದು ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ, ಹೊರಗಿನ ಕಾಲುವೆಯಿಂದ ಬಿಳಿ ಲಾಂಚ್ ನೊರೆಯೆಬ್ಬಿಸುತ್ತ ಬಂದು ಜೆಟ್ಟಿಗೆ ತಾಗಿತು. ಡಾಕ್ಟರು ಕೈಗವಸು ಹಾಕಿಕೊಂಡೇ ನಿಂತಿದ್ದರು. "ಪೇಷಂಟ್ ಎಲ್ಲಿ?"

ನಸೀಹಾ ಕೈ ತೋರಿಸಿದಳು.

"ಹತ್ತಿ, ಹಿಡಿಯೋಣ."

"ಒಳದಾರಿಗೆ ಈ ಲಾಂಚ್ ಹೋಗಲ್ಲ ಡಾಕ್ಟ್ರೇ, ತಳ ಹರಿಯತ್ತೆ," ಎಂದ ಲಾಂಚಿನ ಚಾಲಕ. "ಸುತ್ತಿ ಹೋಗಿ ಒಳದಾರಿಯ ಆ ಕಡೆ ಬಾಯಲ್ಲಿ ಕಾಯ್ಬೇಕು. ಅವರನ್ನೇ ವಾಪಸ್ ಬರೋಕೆ ಹೇಳಿ, ಅದೇ ಬೇಗ."

ನಸೀಹಾ ಫೋನು ಮಾಡಿದಳು. ಅವಳ ಹೆಸರು ನೋಡಿ ಯೂಸುಫ್ ಮಾನಿಕ್ ಎತ್ತಲಿಲ್ಲ. ಚಾಲಕ ವೈರ್‌ಲೆಸ್ಸಿನಲ್ಲಿ ಕೂಗಿದ, ಅದಕ್ಕೂ ಉತ್ತರವಿಲ್ಲ. ಅವಳಿಗೆ ಸಿಟ್ಟು ಬಂತು. ಯೂಸುಫ್ ಮಾನಿಕ್ ಮೇಲಲ್ಲ, ಎಳನೀರು ಕುಡಿದವರ ಮೇಲೂ ಅಲ್ಲ. ಹೋದ ವರ್ಷ ಅಷ್ಟು ನಂಬಿಕೆಯಿಂದ ಮಾತಾಡಿದ ತನ್ನ ಮೇಲೆಯೇ. ನೆರೆದಿದ್ದ ಹೆಂಗಸರು ಲಾಂಚನ್ನು ನೋಡಿದರು, ಅವಳನ್ನು ನೋಡಿದರು.

"ಸುತ್ತಿ ಹೋಗೋಣ, ನಡೀರಿ," ಎಂದರು ಡಾಕ್ಟರು. ಇಂಜಿನ್ ಶುರುವಾಯಿತು. ಅಷ್ಟರಲ್ಲಿ ಚಾಲಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಇಂಜಿನ್ ಆರಿಸಿದ.

ದೋಣಿ ತಿರುಗಿತ್ತು. ಲಾಂಚ್ ಕಂಡು ತಿರುಗಿಸಿದನೇನೋ ಎಂದು ನಸೀಹಾ ಒಂದು ಗಳಿಗೆ ಆಸೆಪಟ್ಟಳು. ಆದರೆ ಹೋಗುವಾಗಿನ ಅವಸರ ಬರುವಾಗ ಇರಲಿಲ್ಲ. ಮೀನು ತುಂಬಿಕೊಂಡು ಬರುವ ದೋಣಿಗಿಂತಲೂ ನಿಧಾನವಾಗಿ ಬರುತ್ತಿತ್ತು. ಹತ್ತಿರವಾದಾಗ ಹಾಸಿಗೆಯ ಮೇಲೆ ತಲೆಯವರೆಗೂ ಹೊದಿಸಿದ ಅತ್ತೆಯ ಹಸಿರು ಶಾಲು ಕಾಣಿಸಿತು. ಡಾಕ್ಟರು ಕೈಗವಸು ಬಿಚ್ಚಲಿಲ್ಲ. ಬಿಚ್ಚುವುದು ಅವರಿಗೆ ಮರೆತೇ ಹೋಗಿತ್ತು.

ಯೂಸುಫ್ ಮಾನಿಕ್ ಬಿಳಿ ಲಾಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಆಮೇಲೆ ನಸೀಹಾಳ ಕಡೆ ತಿರುಗಿದ.

"ಇವತ್ತು ಬಂತಾ?" ಎಂದ.

ಚಿಕ್ಕ ಜೆಟ್ಟಿ ಅದು, ಒಂದು ದೋಣಿ ನಿಂತರೆ ಇನ್ನೊಂದಕ್ಕೆ ಜಾಗವಿಲ್ಲ. ಚಾಲಕ ಹಗ್ಗ ಬಿಚ್ಚಿ, ಲಾಂಚನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ದೋಣಿಗೆ ಜಾಗ ಮಾಡಿಕೊಟ್ಟ.