ಉದ್ದವ್ವನ ಬಲಗಾಲು

ರವಿವಾರ ಬೆಳಗಾದರೆ ಮಸಗುಪ್ಪಿಯ ಉದ್ದವ್ವನ ಮನೆಯ ಕಟ್ಟೆಯ ಮೇಲೆ ಉಳುಕು ಹಿಡಿದವರು ಬಂದು ಕೂರುತ್ತಿದ್ದರು. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೂರು ಸಲ ಒದ್ದರೆ ಸೊಂಟ, ಕುತ್ತಿಗೆ ಹಿಡಿದದ್ದು ಬಿಡುತ್ತದೆಂದು ಊರು ನಂಬಿತ್ತು. ಊರಲ್ಲಿ ಅವಳಿಂದ ಒದೆಸಿಕೊಳ್ಳದವನು ತಾನೊಬ್ಬನೇ ಎಂದು ಗಂಡ ಲಗಮಪ್ಪ ಚೇಷ್ಟೆ ಮಾಡುತ್ತಿದ್ದ.

೧೯೬೩ರ ಸುಗ್ಗಿಯಲ್ಲಿ ಅವನ ಪಾಳಿಯೂ ಬಂತು. ಇಪ್ಪತ್ತು ವರ್ಷ ಮಣಭಾರದ ಬೆಲ್ಲದ ಪೆಂಟೆ ತಲೆಯ ಮೇಲೆ ಹೊತ್ತ ಹಮಾಲ ಅವನು. ಬೆರಳು ಜುಮುಗುಟ್ಟಿ, ಅಂಗಿಯ ಗುಂಡಿ ಹಾಕಲು ಬಾರದಂತಾದಾಗ ಹೆಂಡತಿಯ ಮುಂದೆ ಬೋರಲು ಮಲಗಿದ. ಉದ್ದವ್ವ ದೇವರ ಹೆಸರು ಹೇಳಿ ಕುತ್ತಿಗೆಗೆ ಒದ್ದಳು. ಮೂರನೆಯ ಒದೆತಕ್ಕೆ ಅವನ ಕೈಕಾಲು ಬಿದ್ದುಹೋದವು.

ಮಿರಜದ ಆಸ್ಪತ್ರೆಯಲ್ಲಿ ಕುತ್ತಿಗೆಯ ಆಪರೇಶನ್ ಆಯಿತು. ಸವೆದ ಎಲುಬು ಮೊದಲೇ ಬೆನ್ನುಹುರಿಯನ್ನು ಒತ್ತುತ್ತಿತ್ತು, ಒದೆತ ಅದನ್ನು ಜಜ್ಜಿತು ಎಂದರು ಡಾಕ್ಟರು. ಬಲ ಎಷ್ಟು ಮರಳುತ್ತದೋ ಹೇಳಲಾಗದು, ದಿನವೂ ಬೆರಳಿನಿಂದ ಜೋಳದ ಕಾಳು ಆರಿಸಲಿ ಎಂದು ಕಳಿಸಿದರು. ಹೆಂಡತಿಯ ಮಾನ ಕಾಯಲು ಲಗಮಪ್ಪ ಊರಿಗೆಲ್ಲ ಪೆಂಟೆ ಜಾರಿ ಬಿತ್ತೆಂದೇ ಹೇಳಿದ. ಅವಳೂ ಸುಮ್ಮನಿದ್ದಳು, ಬಂದವರನ್ನು ಜ್ವರದ ನೆಪ ಹೇಳಿ ಕಳಿಸುತ್ತಿದ್ದಳು.

ಐದು ತಿಂಗಳು ಕಳೆದರೂ ಗೋಡೆ ಹಿಡಿದು ನಾಲ್ಕು ಹೆಜ್ಜೆ, ಅಷ್ಟೇ. ಒಂದು ಕಾಳೂ ಬೆರಳಿಗೆ ಸಿಗುತ್ತಿರಲಿಲ್ಲ. ರೊಟ್ಟಿ ಹೆಂಡತಿಯೇ ಮುರಿದು ಬಾಯಿಗಿಡಬೇಕಿತ್ತು. ಒಂದು ರವಿವಾರ ಅವನು ಕಾಳಿನ ಪರಾತವನ್ನು ಮೊಣಕೈಯಿಂದ ತಳ್ಳಿ ಅತ್ತುಬಿಟ್ಟ.

"ಇನ್ನೊಮ್ಮೆ ಒದಿ. ಬಂದ್ರ ಕೈ ಬರ್ಲಿ, ಇಲ್ಲಂದ್ರ ಜೀವ ಹೋಗ್ಲಿ," ಎಂದ.

ಅವನ ತಾಯಿ ಕೆಂಚವ್ವನೂ ಸೊಸೆಗೆ ಕೈಮುಗಿದಳು. ದೇವರು ಕೊಟ್ಟ ಕಾಲು ಸುಳ್ಳಾಗದು, ಅವತ್ತು ಸೋಮವಾರ ಒದ್ದದ್ದೇ ತಪ್ಪು ಎಂಬುದು ಅವಳ ವಾದ. ಉದ್ದವ್ವ ಬಲಗಾಲನ್ನು ಸೀರೆಯೊಳಗೆ ಎಳೆದುಕೊಂಡು ಗೋಡೆಗೆ ಒರಗಿದಳು. ಆ ಕಾಲು ತನ್ನದಾಗಿರದಿದ್ದರೆ ಎಂದು ಅವಳಿಗೆ ಅನಿಸಿತು.

ಆಗಲೇ ಮೇಳವಂಕಿಯ ಅಲ್ಲಪ್ಪ ಕುತ್ತಿಗೆ ಹಿಡಿದುಕೊಂಡು ಬಂದ. ಹುಕ್ಕೇರಿ ಸಂತೆಯಲ್ಲಿ ಮೂಟೆ ಹೊರುವವನು. ಉದ್ದವ್ವ ನೀರು ಕೊಟ್ಟಳು. ತಂಬಿಗೆ ಅವನ ಕೈಯಿಂದ ಜಾರಿತು. ಎರಡು ತಿಂಗಳಿಂದ ಬೆರಳಲ್ಲಿ ಶಕ್ತಿಯಿಲ್ಲ ಎನ್ನುತ್ತ ಅವನು ಬೋರಲು ಮಲಗಿಯೇಬಿಟ್ಟ.

ಒದಿ ಎಂದು ಕೆಂಚವ್ವ ಕಣ್ಸನ್ನೆ ಮಾಡಿದಳು. ಉದ್ದವ್ವ ಅದನ್ನು ನೋಡಿಯೂ ನೋಡದಂತಿದ್ದಳು.

"ಏಳಪ್ಪಾ. ನಮ್ಮನಿಯವರ ಮ್ಯಾಲ ಪೆಂಟಿ ಬಿದ್ದಿಲ್ಲ. ನಾನ ಒದ್ದೇನಿ, ಇದ ಕಾಲೀಲೆ."

ಅಲ್ಲಪ್ಪ ಎದ್ದು ಕೂತು ಲಗಮಪ್ಪನತ್ತ ನೋಡಿದ. ಐದು ತಿಂಗಳು ಬಂದವರೆದುರು ಕಂಬಳಿಯಡಿ ಬಚ್ಚಿಟ್ಟಿದ್ದ ಕೈಗಳನ್ನು ಲಗಮಪ್ಪ ಹೊರಗೆ ಚಾಚಿದ. ಬೆರಳು ಸೊಟ್ಟಗೆ ಮಡಚಿಕೊಂಡಿದ್ದವು.

"ಖರೆ ಹೇಳ್ಯಾಳ. ನಿನ್ನ ಕಾಲ ಇನ್ನೂ ನಡಿಯಾಕತ್ತಾವು, ತಮ್ಮಾ. ಅವು ನಡಿಯೂದ್ರಾಗ ಮಿರಜಿಗೆ ಹೋಗು."

ಅಲ್ಲಪ್ಪ ಹೋದ. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬುವುದು ಮೂವರಿಗೂ ಗೊತ್ತಿತ್ತು. ಕೆಂಚವ್ವ ಚೆಲ್ಲಿದ ಜೋಳ ಬಾಚಲು ಬಾಗಿದಳು. ಲಗಮಪ್ಪ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತ.

"ಬಿಡವ್ವ," ಎಂದ, "ನಾ ಆರಸ್ತೇನಿ."